ಮನೆ ನಮ್ಮದೇ, ಮಾಳಿಗೆ ಮುಟ್ಟಲು ಇನ್ನೊಬ್ಬರ ಪರವಾನಗಿ ಯಾಕೆ?

ಪ್ರಶ್ನೆ: ವಿಜಯಪುರದಲ್ಲಿ ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಹಿತ್ತಲಿನಾಚೆಗೇ ಕೇಂದ್ರ ಪುರಾತತ್ವ ಇಲಾಖೆಯ ಬೋರ್ಡ್ ಇರುವ ಹಳೆಯ ಗುಮ್ಮಟ. ಸೋರುವ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿ, ಮೇಲೆ ಎರಡು ಖೋಲಿ ಕಟ್ಟಬೇಕೆಂದಿದ್ದೇವೆ. ಉತಾರ ನಮ್ಮ ಹೆಸರಿನಲ್ಲಿದೆ, ಮನೆಪಟ್ಟಿಯೂ ಕಟ್ಟುತ್ತೇವೆ. ಪಾಲಿಕೆಯ ಪರವಾನಗಿ ಸಾಕಲ್ವಾ?

ಸಾಕಾಗುವುದಿಲ್ಲ. ಮಾಳಿಗೆ ರಿಪೇರಿಗೆ ದಾರಿ ಇದೆ. ಮೇಲಿನ ಖೋಲಿಗಳನ್ನು ಮಾತ್ರ ಮರೆಯಬೇಕಾಗುತ್ತದೆ.

ಇದಕ್ಕೆ ಕಾರಣ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದಕ್ಕೆ 2010ರಲ್ಲಿ ಆದ ತಿದ್ದುಪಡಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದಲೇ ಅಂತ ಅಂದುಕೊಳ್ಳಬೇಡಿ. ಸಂರಕ್ಷಿತ ಜಾಗದ ಗಡಿ ಎಲ್ಲಿದೆಯೋ ಅಲ್ಲಿಂದ ಅಳೆಯುತ್ತಾರೆ. ದೊಡ್ಡ ಆವರಣವಿರುವ ಗೋಳಗುಮ್ಮಟ, ಇಬ್ರಾಹಿಂ ರೋಜಾದಂಥ ಕಡೆ ಇದರಿಂದ ಲೆಕ್ಕವೇ ಬದಲಾಗುತ್ತದೆ.

ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸ ಮನೆಯನ್ನೂ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸದೇನೂ ಇಲ್ಲ. ಇದ್ದ ಮನೆಗೆ ಅಡ್ಡಕ್ಕೋ ಎತ್ತರಕ್ಕೋ ಏನು ಸೇರಿಸಿದರೂ ಕಾಯ್ದೆಯ ಲೆಕ್ಕದಲ್ಲಿ ಅದು ಹೊಸ ಕಟ್ಟಡವೇ. ನಿಮ್ಮ ಖೋಲಿಗಳು ಸಿಕ್ಕಿಕೊಳ್ಳುವುದು ಇಲ್ಲೇ.

ಇನ್ನು ರಿಪೇರಿ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ದುರಸ್ತಿ, ನವೀಕರಣ ಮಾಡಲು ಅರ್ಜಿ ಹಾಕಬಹುದು. ಜಗಳಗಳು ಹೆಚ್ಚಾಗಿ ಹುಟ್ಟುವುದು ಈ ಜಾಗದಲ್ಲೇ ಎನ್ನುವುದು ನನ್ನ ಅನಿಸಿಕೆ. ಮಾಳಿಗೆ ಬಿಚ್ಚಿದ ಮೇಲೆ ಗೌಂಡಿ ಹೇಳುತ್ತಾನೆ, "ಗೋಡೆ ಭಾರ ತಡೆಯೂದಿಲ್ರೀ, ಕೆಡವೇ ಬಿಡೋಣ." ಕೆಡವಿದಿರೋ, ದುರಸ್ತಿ ಹೋಗಿ ಮರುನಿರ್ಮಾಣವಾಯಿತು. ಮೊದಲಿದ್ದಷ್ಟೇ ಉದ್ದ, ಅಗಲ, ಎತ್ತರಕ್ಕೆ ಕಟ್ಟಿದರೂ 100 ಮೀಟರ್ ಒಳಗೆ ಅದಕ್ಕೆ ಅವಕಾಶವಿಲ್ಲ. ಹಳೆಯ ಮನೆ ಹೇಗಿತ್ತು ಅಂತ ತೋರಿಸುವ ಪುರಾವೆಯೂ ಕಲ್ಲು ಮಣ್ಣಿನ ಜೊತೆ ಹೋಗಿರುತ್ತದೆ. ಅದಕ್ಕೇ ಒಂದು ಜಂತಿ ಮುಟ್ಟುವ ಮೊದಲೇ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಹಳೆಯ ಉತಾರ, ಮನೆಪಟ್ಟಿ ರಸೀದಿ, 1992ಕ್ಕೆ ಹಿಂದಿನ ಲೈಟ್ ಬಿಲ್ ಹುಡುಕಿ. ಮಣ್ಣಿನ ಬದಲು ಸ್ಲ್ಯಾಬ್ ಹಾಕುವುದಾದರೆ ಅರ್ಜಿಯಲ್ಲೇ ಬಿಡಿಸಿ ಬರೆಯಿರಿ. ಸುಮ್ನೆ "ರಿಪೇರಿ" ಅಂದು ಆಮೇಲೆ ಸ್ಲ್ಯಾಬ್ ಹಾಕಿದರೆ ತಕರಾರು ಗ್ಯಾರಂಟಿ.

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಅನುಮತಿ ಕೊಡಲು ಕೇಂದ್ರ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ಅವರು 15 ದಿನದಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಶಿಫಾರಸಿಗೆ 2 ತಿಂಗಳು, ಕೊನೆಯ ಆದೇಶಕ್ಕೆ ಇನ್ನೊಂದು ತಿಂಗಳು. ಇದು ಕಾಗದದ ಮೇಲಿನ ಗಡುವು. ಮಳೆಗಾಲದೊಳಗೆ ಕೆಲಸ ಮುಗಿಯಬೇಕೆಂದರೆ ಸಿದ್ಧೇಶ್ವರ ಜಾತ್ರೆ ಹೊತ್ತಿಗೇ ಅರ್ಜಿ ಕೊಟ್ಟಿರಬೇಕು.

ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಂಡೂ ಕಾಣದಂತೆ ಸಹಕರಿಸಿದ ಕೇಂದ್ರ ಸರ್ಕಾರದ ಅಧಿಕಾರಿಗೆ 3 ವರ್ಷದವರೆಗೆ ಜೈಲು ಅಂತಲೂ ಅದೇ ಕಾಯ್ದೆಯಲ್ಲಿದೆ. ಅದನ್ನು ಯಾರೂ ಬೋರ್ಡ್ ಮೇಲೆ ಬರೆಸುವುದಿಲ್ಲ!

ಕೋರ್ಟಿಗೆ ಹೋದರೆ? ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟ್ ಪ್ರಕರಣ ನೆನಪಿರಬಹುದು. ಅದು ರಾಜ್ಯದ 1961ರ ಸ್ಮಾರಕ ಕಾಯ್ದೆಯಡಿ ನಡೆದದ್ದು. ಆ ಪ್ರದೇಶವನ್ನು ಸಂರಕ್ಷಿತವೆಂದು ಸಾರಿದ 1988ರ ಅಧಿಸೂಚನೆ ಸ್ಮಾರಕಗಳಿಗೆ ಮಾತ್ರ, ನಮ್ಮ ಜಮೀನಿಗಲ್ಲ ಎಂದು ಮಾಲೀಕರು ವಾದಿಸಿದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. "ಜಾಗ ನಮ್ಮದು" ಎಂಬ ವಾದವೊಂದನ್ನೇ ನಂಬಿ ಹೋಗಬೇಡಿ.

ಗೋಳಗುಮ್ಮಟಕ್ಕೂ ಓಣಿಯೊಳಗಿನ ಪುಟ್ಟ ಗೋರಿಗೂ ಒಂದೇ 100 ಮೀಟರ್ ಹಾಕಿರುವುದು ನನಗೆ ಸರಿ ಕಾಣುವುದಿಲ್ಲ. ಊರೇ ಸ್ಮಾರಕಗಳ ನಡುವೆ ಇರುವಾಗ ಬಡವರ ಮನೆಗೇ ಪೆಟ್ಟು ಜಾಸ್ತಿ. ಆದರೆ ಕಾನೂನು ಬದಲಾಗುವುದು ಸಂಸತ್ತಿನಲ್ಲಿ, ನಿಮ್ಮ ಮಾಳಿಗೆ ಮೇಲಲ್ಲ.

ಈಗಾಗಲೇ ನೋಟಿಸ್ ಬಂದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಕೊಟ್ಟ ಗಡುವಿನೊಳಗೆ ದಾಖಲೆ ಸಮೇತ ಲಿಖಿತ ಉತ್ತರ ಕೊಡಿ. ರಿಟ್ ಅರ್ಜಿ ಹಾಕಬೇಕಾಗಿ ಬಂದರೆ ವಿಜಯಪುರದವರಿಗೆ ಹೈಕೋರ್ಟಿನ ಕಲಬುರಗಿ ಪೀಠ, ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ.