ಇಂಗ್ಲಿಷ್ ಮಾತು ತನ್ನ ಸ್ಪೆಲಿಂಗನ್ನು ಬಿಟ್ಟು ಮುಂದೆ ಹೋದದ್ದು ಹೇಗೆ

ಕೆ-ಎನ್-ಐ-ಜಿ-ಎಚ್-ಟಿ ಎಂದು ಬರೆದು ‘ನೈಟ್’ ಎಂದು ಓದಬೇಕು ಎಂದಾಗ, ಬರೆದಂತೆ ಓದುವ ಕನ್ನಡದ ಮಕ್ಕಳು ತಬ್ಬಿಬ್ಬಾಗುತ್ತಾರೆ. ಮೇಷ್ಟ್ರು ಸಾಮಾನ್ಯವಾಗಿ ‘ಕೆ ಸೈಲೆಂಟು, ಜಿ-ಎಚ್ ಸೈಲೆಂಟು’ ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಾರೆ. ಆದರೆ 1400ರ ಸುಮಾರಿನ ಲಂಡನ್ನಿನಲ್ಲಿ ಈ ಪದದ ಯಾವ ಅಕ್ಷರವೂ ಸುಮ್ಮನೆ ಕೂತಿರಲಿಲ್ಲ. ಆಗಿನ ಉಚ್ಚಾರ ಹೆಚ್ಚುಕಡಿಮೆ ‘ಕ್ನಿಖ್ಟ್’. ಆ ಖಕಾರವೂ ನಮ್ಮ ಮಹಾಪ್ರಾಣವಲ್ಲ, ಉರ್ದುವಿನ ‘ಖಬರ್’ನಲ್ಲಿ ಬರುವ ಉಜ್ಜು ಧ್ವನಿಗೆ ಹತ್ತಿರದ್ದು. ಮುಂದೆ ಆ ಧ್ವನಿ ಉದುರಿತು, ಉದುರುವಾಗ ಹಿಂದಿನ ಇಕಾರವನ್ನು ಈಕಾರ ಮಾಡಿತು. ಈಕಾರ ಐಕಾರವಾಯಿತು. ಕೊನೆಗೆ ಮೊದಲಿನ ಕಕಾರವೂ ಬಿತ್ತು. ಬಾಯಲ್ಲಿ ಇಷ್ಟೆಲ್ಲ ನಡೆದರೂ ಕಾಗದದ ಮೇಲೆ ಏನೂ ಬದಲಾಗಲಿಲ್ಲ.

ಉಚ್ಚಾರ ಬದಲಾಗುವುದು ಇಂಗ್ಲಿಷಿಗೆ ಮಾತ್ರ ಅಂಟಿದ ಗುಣವಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ಱ ಮತ್ತು ೞ ಬಾಯಿಂದ ಮರೆಯಾದ ಮೇಲೆ ಬರಹದಿಂದಲೂ ಹೋದವು. ಇವತ್ತು ಯಾರೂ ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದುವುದಿಲ್ಲ. ಕನ್ನಡದಲ್ಲಿ ಬರಹ ಮಾತಿನ ಹಿಂದೆ ನಡೆಯಿತು. ಇಂಗ್ಲಿಷಿನಲ್ಲಿ ಮಾತು ಅತ್ಯಂತ ವೇಗವಾಗಿ ಹೊರಳುತ್ತಿದ್ದ ಹೊತ್ತಿಗೇ ಬರಹ ಗಟ್ಟಿಯಾಗಿಬಿಟ್ಟಿತು. ಇಂಗ್ಲಿಷ್ ಸ್ಪೆಲಿಂಗಿನ ಬಹುಪಾಲು ತೊಡಕುಗಳಿಗೆ ಈ ಕಾಲದ ಹೊಂದಾಣಿಕೆ ತಪ್ಪಿದ್ದೇ ಮೂಲ.

ಗಟ್ಟಿಯಾಗುವ ಮುಂಚೆ ಬರಹವೂ ಒಂದು ಸುತ್ತು ಕಲಸಿಹೋಗಿತ್ತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು. ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಇಂಗ್ಲಿಷನ್ನು ತಮ್ಮ ರೂಢಿಯಂತೆ ಬರೆಯತೊಡಗಿದರು. ರಾಣಿ ಎಂಬರ್ಥದ ಪದವನ್ನು ಹಿಂದೆ ಸಿ-ಡಬ್ಲ್ಯು ಹಾಕಿ ಬರೆಯುತ್ತಿದ್ದರು, ಅದು ಕ್ಯು-ಯು ಆಯಿತು. ಮನೆಗೆ ಎಚ್-ಯು-ಎಸ್ ಸಾಕಾಗಿತ್ತು. ಊಕಾರಕ್ಕೆ ಓ-ಯು ಬರೆಯುವುದು ಫ್ರೆಂಚರ ಅಭ್ಯಾಸ, ಹಾಗಾಗಿ ಅಲ್ಲೊಂದು ಓ ಸೇರಿತು. ರಾತ್ರಿ ಎಂಬ ಪದದಲ್ಲಿ ಒಂಟಿ ಎಚ್ ಇದ್ದದ್ದು ಜಿ-ಎಚ್ ಆಯಿತು.

ಲವ್, ಸನ್, ಕಮ್, ಮಂಕ್, ವಂಡರ್, ಟಂಗ್ ಈ ಪದಗಳಲ್ಲಿ ಯು ಇರಬೇಕಾದ ಕಡೆ ಓ ಇರುವುದಕ್ಕೂ ಕೈಬರಹವೇ ಕಾರಣ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹಳೆಯ ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಯು ಇತ್ತು. ಆ ಕಾಲದ ಗೋಥಿಕ್ ಬರವಣಿಗೆಯಲ್ಲಿ ಐ ಎಂದರೆ ಒಂದು ನೆಟ್ಟಗೆರೆ, ಮೇಲೆ ಚುಕ್ಕೆಯೂ ಇಲ್ಲ. ಯು, ಎನ್, ವಿ ಎಂದರೆ ಎರಡೆರಡು ಗೆರೆ, ಎಂ ಎಂದರೆ ಮೂರು. ಯು ಪಕ್ಕದಲ್ಲಿ ಎಂ ಬಂದರೆ ಒಂದೇ ಬಗೆಯ ಐದು ಗೆರೆಗಳು ಸಾಲಾಗಿ ನಿಲ್ಲುತ್ತವೆ, ಯಾವುದು ಎಲ್ಲಿ ಮುಗಿಯಿತೆಂದು ಓದುವವನಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಇಂಥ ಅಕ್ಷರಗಳ ಪಕ್ಕ ಬಂದ ಯು ಬದಲು ದುಂಡಗಿನ ಓ ಬರೆದರು. ಉಚ್ಚಾರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಕೋರ್ಟು ಕಚೇರಿಗಳಿಗೆ ಇಂಗ್ಲಿಷ್ ಮರಳಿದ್ದು ನಿಧಾನವಾಗಿ. 1362ರ ಕಾನೂನು ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂದಿತು. 1417ರಿಂದ ಐದನೇ ಹೆನ್ರಿ ತನ್ನ ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಸತೊಡಗಿದ. ವೆಸ್ಟ್‌ಮಿನ್‌ಸ್ಟರಿನ ರಾಜಕಚೇರಿಯ ಗುಮಾಸ್ತರ ಬರವಣಿಗೆ ಊರೂರಿನವರಿಗೆ ಮಾದರಿಯಾಗತೊಡಗಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅಲ್ಲೇ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅವನು ಬಹುಕಾಲ ಇಂದಿನ ಬೆಲ್ಜಿಯಂನ ಬ್ರೂಜ್ ಮುಂತಾದ, ಫ್ಲೆಮಿಶ್ ಭಾಷೆಯಾಡುವ ಊರುಗಳಲ್ಲಿ ವ್ಯಾಪಾರ ಮಾಡಿಕೊಂಡಿದ್ದವನು. ‘ಗೋಸ್ಟ್’ ಪದಕ್ಕೆ ಎಚ್ ಸೇರಿದ್ದು ಆ ಭಾಷೆಯ ಪ್ರಭಾವದಿಂದ. ಮೊದಮೊದಲು ಒಂದೇ ಪುಟದಲ್ಲಿ ಒಂದೇ ಪದ ಎರಡು ಮೂರು ರೂಪದಲ್ಲಿ ಬರುತ್ತಿತ್ತು. 1650ರ ಹೊತ್ತಿಗೆ ಮುದ್ರಕರು ಬಹುಪಾಲು ಒಂದೇ ರೂಪಕ್ಕೆ ಬಂದಿದ್ದರು. ಆ ಒಂದು ರೂಪ ಹೊಸ ಉಚ್ಚಾರದ್ದಾಗಿರಲಿಲ್ಲ, ಗುಮಾಸ್ತರಿಂದ ಬಂದ ಹಳೆಯದೇ.

ಈ ನಡುವೆ ಬಾಯಲ್ಲಿ ಏನಾಗುತ್ತಿತ್ತು? ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದವು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೋ ಯೆಸ್ಪರ್ಸನ್ ಇದಕ್ಕೆ ಮಹಾ ಸ್ವರಪಲ್ಲಟ ಎಂದು ಹೆಸರಿಟ್ಟ. ಇದನ್ನು ತೋರಿಸಲು ರೋಮನ್ ಲಿಪಿಗಿಂತ ಕನ್ನಡ ಲಿಪಿಯೇ ಅನುಕೂಲ. ‘ನೇಮ್’ ಮೊದಲು ‘ನಾಮ’ ಆಗಿತ್ತು. ನಾವು ಸಂಸ್ಕೃತದಿಂದ ಪಡೆದ ನಾಮಕ್ಕೂ ಅದಕ್ಕೂ ದೂರದ ನಂಟು ನಿಜವಾಗಿಯೂ ಇದೆ. ‘ಫೀಟ್’ ಎಂಬುದು ‘ಫೇಟ್’ ಆಗಿತ್ತು, ‘ಟೈಮ್’ ಎಂಬುದು ‘ಟೀಮ’, ‘ಮೂನ್’ ಎಂಬುದು ‘ಮೋನ’, ‘ಹೌಸ್’ ಎಂಬುದು ‘ಹೂಸ್’. ಆ, ಏ, ಈ ಎಂದು ಒಂದಾದ ಮೇಲೊಂದು ಹೇಳಿ ನೋಡಿ: ದವಡೆ ಮುಚ್ಚುತ್ತಾ, ನಾಲಿಗೆ ಏರುತ್ತಾ ಹೋಗುತ್ತದೆ. ಓ, ಊ ಹೇಳಿದಾಗಲೂ ಹಾಗೆಯೇ, ನಾಲಿಗೆಯ ಹಿಂಭಾಗದಲ್ಲಿ. ಪ್ರತಿ ದೀರ್ಘ ಸ್ವರವೂ ಒಂದೊಂದು ಮೆಟ್ಟಿಲು ಮೇಲೇರಿತು. ತುದಿಯಲ್ಲಿದ್ದ ಈ ಮತ್ತು ಊ ಏರಲು ಜಾಗವಿಲ್ಲದೆ ಒಡೆದು ಐ ಮತ್ತು ಔ ಆದವು. ‘ನಾಮ’ದ ಕೊನೆಯ ಸ್ವರ ಅಷ್ಟರಲ್ಲಿ ಬಿದ್ದುಹೋಗಿತ್ತು, ಬರಹದಲ್ಲಿ ಉಳಿದ ಇ ಅಕ್ಷರ ‘ಹಿಂದಿನ ಸ್ವರ ದೀರ್ಘ’ ಎಂದು ತೋರಿಸುವ ಗುರುತಾಯಿತು.

ಧ್ವನಿಮುದ್ರಣವಿಲ್ಲದ ಕಾಲದ ಉಚ್ಚಾರ ಗೊತ್ತಾಗುವುದು ಹೇಗೆ ಎಂದು ಕೇಳಬಹುದು. ಆಗಿನ ಕವಿಗಳ ಪ್ರಾಸ ಒಂದು ಸಾಕ್ಷಿ. ಹೆಚ್ಚು ಓದದವರು ಕಿವಿಗೆ ಕೇಳಿದಂತೆ ಬರೆದ ಪತ್ರಗಳ ತಪ್ಪುಗಳು ಇನ್ನೊಂದು. ಈ ತಪ್ಪುಗಳಿಗೆ ವಿದ್ವಾಂಸರ ಲೆಕ್ಕದಲ್ಲಿ ಬಹಳ ಬೆಲೆ. ಮೂರನೆಯದು ಉಚ್ಚಾರದ ಬಗ್ಗೆಯೇ ಬರೆದವರ ಮಾತು. ಜಾನ್ ಹಾರ್ಟ್ ಎಂಬಾತ 1569ರಲ್ಲಿ ಉಚ್ಚಾರಕ್ಕೆ ತಕ್ಕ ಬರಹಪದ್ಧತಿಯೊಂದನ್ನು ಮುಂದಿಟ್ಟ. ಅದರಲ್ಲಿ ‘ಟೈಮ್’ ಗುಂಪಿನ ಸ್ವರವನ್ನು ಎರಡು ಅಕ್ಷರ ಕೂಡಿಸಿ ಬರೆದಿದ್ದಾನೆ. ಅಂದರೆ ಅವನ ಕಾಲಕ್ಕೆ ಹಳೆಯ ಈಕಾರ ಒಡೆದಾಗಿತ್ತು.

ಯಾಕೆ ಒಡೆಯಿತು ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಉತ್ತರವಿಲ್ಲ. 1348ರಿಂದ ಬಂದ ಪ್ಲೇಗಿನ ನಂತರ ಬೇರೆ ಬೇರೆ ಸೀಮೆಯವರು ಲಂಡನ್ನಿಗೆ ಬಂದು ನೆಲೆಸಿದ್ದು, ಹಲವು ಒಳನುಡಿಗಳು ಒಂದೇ ಬೀದಿಯಲ್ಲಿ ಬೆರೆತದ್ದು, ಮೇಲಿನವರಂತೆ ಮಾತಾಡಬೇಕೆಂಬ ಆಸೆ ಇವನ್ನೆಲ್ಲ ಕಾರಣವಾಗಿ ಹೇಳುತ್ತಾರೆ. ಇವು ‘ಯಾವಾಗ’ ಎಂಬುದನ್ನು ವಿವರಿಸುತ್ತವೆ, ‘ಈ ದಿಕ್ಕಿಗೇ ಯಾಕೆ’ ಎಂಬುದನ್ನಲ್ಲ. ದಿಕ್ಕಿನ ವಿಚಾರಕ್ಕೆ ಹೆಚ್ಚು ಬೆಳಕು ಕೊಡುವುದು ಉತ್ತರ ಸೀಮೆಯ ನುಡಿ. ಸ್ಕಾಟ್‌ಲೆಂಡಿನಲ್ಲಿ ಇಂದಿಗೂ ಮನೆಗೆ ‘ಹೂಸ್’ ಎನ್ನುವವರಿದ್ದಾರೆ. ಆ ಸೀಮೆಯಲ್ಲಿ ಪಲ್ಲಟಕ್ಕೆ ಮುಂಚೆಯೇ ಹಳೆಯ ಓಕಾರ ಬಾಯಿಯ ಮುಂಭಾಗಕ್ಕೆ ಸರಿದಿತ್ತು. ಕೆಳಗಿನಿಂದ ಓ ಏರಿ ಬರಲಿಲ್ಲ, ಆದ್ದರಿಂದ ಊ ತನ್ನ ಜಾಗ ಬಿಡಬೇಕಾಗಲಿಲ್ಲ. ಏಕಾರ ಮಾತ್ರ ಅಲ್ಲೂ ಏರಿತು, ಈಕಾರ ಅಲ್ಲೂ ಒಡೆಯಿತು. ಒಂದು ಸ್ವರ ಇನ್ನೊಂದರ ಹತ್ತಿರ ಬಂದಾಗ ಎರಡು ಪದಗಳು ಕಿವಿಗೆ ಒಂದೇ ಆಗಿಬಿಡುವ ಅಪಾಯವಿರುತ್ತದೆ, ಅದನ್ನು ತಪ್ಪಿಸಲು ಎರಡನೆಯದು ಸರಿಯುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಪಲ್ಲಟವಾದದ್ದು ದೀರ್ಘಗಳು ಮಾತ್ರ. ಇದೊಂದು ತಿಳಿದರೆ ಇಂಗ್ಲಿಷ್ ಕಲಿಸುವವರಿಗೆ ಎಷ್ಟೋ ಅನುಕೂಲ. ‘ಚೈಲ್ಡ್’ ಆದರೆ ‘ಚಿಲ್ಡ್ರನ್’ ಯಾಕೆ? ಮೂಲದಲ್ಲಿ ಎರಡಕ್ಕೂ ಹ್ರಸ್ವ ಇಕಾರವೇ ಇತ್ತು. ಎಲ್-ಡಿ ಮುಂದೆ ಇದ್ದಾಗ ಅದು ದೀರ್ಘವಾಗಿ ‘ಚೀಲ್ಡ್’ ಆಯಿತು. ಎಲ್-ಡಿ-ಆರ್ ಎಂದು ಮೂರು ವ್ಯಂಜನ ಒಟ್ಟಿಗಿದ್ದ ಕಡೆ ಹ್ರಸ್ವವೇ ಉಳಿಯಿತು. ಕೆಲವು ಶತಮಾನಗಳ ನಂತರ ಪಲ್ಲಟ ಬಂದಾಗ ದೀರ್ಘವಾಗಿದ್ದದ್ದು ಐ ಆಯಿತು, ಹ್ರಸ್ವ ಹಾಗೇ ನಿಂತಿತು. ವೈಸ್–ವಿಸ್ಡಮ್, ಫೈವ್–ಫಿಫ್ಟೀನ್, ಡಿವೈನ್–ಡಿವಿನಿಟಿ, ಸೇನ್–ಸ್ಯಾನಿಟಿ ಜೋಡಿಗಳಲ್ಲೂ ಒಂದು ಕಡೆ ದೀರ್ಘ, ಇನ್ನೊಂದು ಕಡೆ ಹ್ರಸ್ವ. ಇನ್ನು ‘ಮಷೀನ್’, ‘ಪೊಲೀಸ್’ ಪದಗಳಲ್ಲಿ ಐ ಅಕ್ಷರಕ್ಕೆ ಈಕಾರ ಉಳಿದಿರುವುದು ಅವು ತಡವಾಗಿ, ಪಲ್ಲಟ ಆಗಲೇ ಶುರುವಾದ ಮೇಲೆ ಫ್ರೆಂಚಿನಿಂದ ಬಂದದ್ದರಿಂದ. ಮೊದಲೇ ಬಂದಿದ್ದ ‘ನೈಸ್’, ‘ಫೈನ್’ ಪದಗಳು ಪಲ್ಲಟಕ್ಕೆ ಸಿಕ್ಕಿದವು.

ಬ್ಲಡ್, ಗುಡ್, ಫೂಡ್ ಈ ಮೂರಕ್ಕೂ ಡಬಲ್ ಓ ಇದ್ದು ಮೂರು ಉಚ್ಚಾರವಿರುವುದು ಹಲವರನ್ನು ಕಾಡುತ್ತದೆ. ಹಿಂದೆ ಮೂರರಲ್ಲೂ ಓಕಾರವಿತ್ತು, ಪಲ್ಲಟದಲ್ಲಿ ಮೂರೂ ಊಕಾರವಾದವು. ‘ಬ್ಲೂಡ್’ ಬೇಗ ಹ್ರಸ್ವವಾಗಿ ‘ಬ್ಲುಡ್’ ಆಯಿತು. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಹ್ರಸ್ವ ಉಕಾರಗಳು ಅಕಾರದ ಕಡೆ ಜಾರಿದಾಗ ಅದೂ ಜೊತೆಗೆ ಜಾರಿತು. ‘ಗೂಡ್’ ಹ್ರಸ್ವವಾಗುವಷ್ಟರಲ್ಲಿ ಆ ಬದಲಾವಣೆ ಮುಗಿದಿತ್ತು, ಹಾಗಾಗಿ ‘ಗುಡ್’ ಆಗಿ ನಿಂತಿತು. ‘ಫೂಡ್’ ಹ್ರಸ್ವವಾಗಲೇ ಇಲ್ಲ. ಇ-ಎ ಬರುವ ಪದಗಳಲ್ಲೂ ಹೀಗೇ ಆಯಿತು. ‘ಮೀಟ್’ ಎಂದು ನಾವು ಒಂದೇ ಥರ ಹೇಳುವ ಮಾಂಸ ಮತ್ತು ಭೇಟಿಯ ಪದಗಳು 1700ರ ಆಸುಪಾಸಿನವರೆಗೂ ಹಲವರ ಬಾಯಲ್ಲಿ ಬೇರೆಬೇರೆ ಇದ್ದವು. 1714ರಲ್ಲೂ ಕವಿ ಅಲೆಕ್ಸಾಂಡರ್ ಪೋಪ್ ‘ಟೀ’ಯನ್ನು ‘ಒಬೇ’ ಜೊತೆ ಪ್ರಾಸ ಕೂಡಿಸಿದ್ದಾನೆ, ಅಂದರೆ ಅದನ್ನು ‘ಟೇ’ ಎಂದು ಓದಬೇಕು. ಗ್ರೇಟ್, ಬ್ರೇಕ್, ಸ್ಟೇಕ್ ಆ ಹಳೆಯ ಏಕಾರದಲ್ಲೇ ಉಳಿದುಕೊಂಡವು.

ಮೂಕ ಅಕ್ಷರಗಳೆಲ್ಲ ಒಂದು ಕಾಲಕ್ಕೆ ಮಾತಾಡುತ್ತಿದ್ದವು ಎಂದುಕೊಂಡರೆ ಅದೂ ತಪ್ಪು. ‘ಡೆಟ್’, ‘ಡೌಟ್’ ಪದಗಳ ಬಿ ಅಕ್ಷರವನ್ನು ಇಂಗ್ಲಿಷರು ಎಂದೂ ಉಚ್ಚರಿಸಿದ್ದಿಲ್ಲ. ಅವು ಬಿ ಇಲ್ಲದ ಫ್ರೆಂಚ್ ರೂಪದಲ್ಲಿ ಬಂದವು. ಲ್ಯಾಟಿನ್ ಮೋಹದ ಪಂಡಿತರು ಮೂಲದಲ್ಲಿ ಬಿ ಇದೆಯೆಂದು ತಂದು ಸೇರಿಸಿದರು. ‘ಐಲೆಂಡ್’ ವಿಷಯದಲ್ಲಿ ಮೂಲವನ್ನೇ ತಪ್ಪಾಗಿ ಗುರುತಿಸಿದರು: ಅದು ಅಚ್ಚ ಇಂಗ್ಲಿಷ್ ಪದ, ಲ್ಯಾಟಿನ್ ಮೂಲದ ‘ಐಲ್’ ಪದದ್ದೇ ವಂಶವೆಂದು ಭ್ರಮಿಸಿ ಅದಕ್ಕೊಂದು ಎಸ್ ಹಾಕಿದರು. ‘ವುಡ್’, ‘ಶುಡ್’ಗಳಲ್ಲಿ ಎಲ್ ಅಕ್ಷರಕ್ಕೆ ಹಕ್ಕಿತ್ತು, ಅವು ವಿಲ್ ಮತ್ತು ಶಲ್ ರೂಪಗಳು. ‘ಕುಡ್’ ಬಂದದ್ದು ಕ್ಯಾನ್ ಕಡೆಯಿಂದ. ಅದಕ್ಕೆ ಎಲ್ ಅಂಟಿದ್ದು ಉಳಿದೆರಡನ್ನು ನೋಡಿ. ಇಂಥ ಪಾಂಡಿತ್ಯದಿಂದ ಕಲಿಯುವವರಿಗಾದ ನಷ್ಟ ಸಣ್ಣದಲ್ಲ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟು ಇದೆಲ್ಲಕ್ಕೂ ಮುದ್ರೆಯೊತ್ತಿತು. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ 1828ರ ನಿಘಂಟಿನ ಮೂಲಕ ‘ಕಲರ್’ನಿಂದ ಯು ತೆಗೆದದ್ದು, ‘ಸೆಂಟರ್’ನ ಕೊನೆಯ ಅಕ್ಷರಗಳನ್ನು ಅದಲುಬದಲು ಮಾಡಿದ್ದು ನಿಂತಿತು. ಟಂಗ್ ಪದವನ್ನು ಟಿ-ಯು-ಎನ್-ಜಿ ಎಂದು ಸರಳಗೊಳಿಸಿದ್ದನ್ನು ಯಾರೂ ಒಪ್ಪಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಹೊಸ ಸ್ಪೆಲಿಂಗ್ ಬಳಸುವಂತೆ ಸರ್ಕಾರಿ ಮುದ್ರಣಾಲಯಕ್ಕೆ ಆದೇಶಿಸಿದ. ಪತ್ರಿಕೆಗಳು ಗೇಲಿ ಮಾಡಿದವು, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ವಿರೋಧಿಸಿತು, ಆ ವರ್ಷ ಮುಗಿಯುವ ಮುಂಚೆಯೇ ಆದೇಶ ಬಿದ್ದುಹೋಯಿತು.

ಇಂಥ ಸುಧಾರಣೆ ಮುಗ್ಗರಿಸುವುದಕ್ಕೆ ಹಟಕ್ಕಿಂತ ದೊಡ್ಡ ಕಾರಣವಿದೆ. ಉಚ್ಚಾರದಂತೆ ಬರೆಯೋಣ ಎಂದರೆ ಯಾರ ಉಚ್ಚಾರ? ಲಂಡನ್ನಿನವರ ‘ಕಾರ್’ನಲ್ಲಿ ರಕಾರ ಕೇಳುವುದಿಲ್ಲ. ಸ್ಕಾಟ್‌ಲೆಂಡ್, ಐರ್ಲೆಂಡ್, ಅಮೆರಿಕದ ಬಹುಭಾಗ ಮತ್ತು ನಮ್ಮ ಬೆಂಗಳೂರಿನಲ್ಲಿ ಕೇಳುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ‘ಕಪ್’ ಈಗಲೂ ‘ಕುಪ್’. ಯಾರ ಬಾಯಿಗೂ ಪೂರ್ತಿ ಹೊಂದದ ಹಳೆಯ ಸ್ಪೆಲಿಂಗನ್ನು ಎಲ್ಲರೂ ಸಮನಾಗಿ ಕಷ್ಟಪಟ್ಟು ಕಲಿಯುತ್ತಾರೆ, ಹಾಗಾಗಿಯೇ ಅದು ಎಲ್ಲ ದೇಶಗಳಲ್ಲೂ ಓದಲು ಬರುತ್ತದೆ.

ಶಾಲೆ ಮನೆಮನೆಗೆ ತಲುಪಿದ ಮೇಲೆ ಬದಲಾವಣೆ ತಿರುಗುಮುರುಗಾಗಿಯೂ ನಡೆಯತೊಡಗಿದೆ: ಈಗ ಅಕ್ಷರ ನೋಡಿ ಉಚ್ಚಾರ ತಿದ್ದಿಕೊಳ್ಳುತ್ತಾರೆ. ‘ಆಫನ್’ ಎನ್ನುತ್ತಿದ್ದ ಕಡೆ ಹಲವರು ಟಕಾರ ಸೇರಿಸಿ ‘ಆಫ್ಟನ್’ ಎನ್ನುತ್ತಾರೆ. ಹಣೆಗೆ ‘ಫಾರಿಡ್’ ಎಂಬ ಉಚ್ಚಾರವಿತ್ತು, ಈಗ ‘ಫೋರ್‌ಹೆಡ್’. ‘ಹರ್ಬ್’ ಪದದ ಹಕಾರವನ್ನು ಬ್ರಿಟನ್ನಿನವರು ಸ್ಪೆಲಿಂಗ್ ನೋಡಿ ಬಾಯಿಗೆ ತಂದುಕೊಂಡರು, ಅಮೆರಿಕದವರು ಹಳೆಯ ‘ಅರ್ಬ್’ ಉಳಿಸಿಕೊಂಡರು. ಭಾರತದಲ್ಲಿ ಇಂಗ್ಲಿಷ್ ಕಿವಿಗಿಂತ ಮೊದಲು ಪುಸ್ತಕದಿಂದ ಬರುವುದರಿಂದ ಬುಧವಾರದ ‘ವೆಡ್ನೆಸ್‌ಡೇ’ಯಲ್ಲಿ ಡಕಾರ ಇಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಬಹುತೇಕರು ಬಿಟ್ಟು ಶತಮಾನಗಳಾದವು.