ಪದ ಪರಿಚಯ: ಸೂಕ್ಷ್ಮ ಪಳೆಯುಳಿಕೆ

ಕಲಬುರಗಿ ಜಿಲ್ಲೆಯಲ್ಲಿ ಶಹಾಬಾದ್ ಕಲ್ಲಿನಂಥ ಹಳೆಯ ಸುಣ್ಣದಕಲ್ಲಿನ ಮೇಲೆ ದಖನ್ನಿನ ಕರಿಕಲ್ಲು, ಅಂದರೆ ತಣಿದು ಗಟ್ಟಿಯಾದ ಲಾವಾ, ಹರಡಿಕೊಂಡಿದೆ. ಎರಡೂ ಕೂಡುವ ಕಡೆ ಗೆರೆಯನ್ನು ಬೆರಳಿಟ್ಟು ತೋರಿಸಬಹುದು. ಭೂಯುಗಗಳ ಗಡಿ ಎಂದರೆ ಇದೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಅಲ್ಲ. ಕೆಳಗಿನ ಕಲ್ಲು 54 ಕೋಟಿ ವರ್ಷಗಳಿಗೂ ಹಿಂದಿನದು, ಮೇಲಿನದು ಸುಮಾರು 6.6 ಕೋಟಿ ವರ್ಷದ್ದು. ನಡುವಿನ ಕಾಲದ ಬಹುಪಾಲು ಇಲ್ಲಿ ದಾಖಲಾಗಿಯೇ ಇಲ್ಲ. ಒಂದು ಯುಗ ಮುಗಿದು ಇನ್ನೊಂದು ಶುರುವಾದ ಕ್ಷಣವನ್ನು ಹಿಡಿಯಬೇಕಾದರೆ ಹೂಳು ಎಡೆಬಿಡದೆ ಕೂತ ಜಾಗ ಬೇಕು. ಅಂಥ ಕಡೆ ಕಲ್ಲಿನ ಬಣ್ಣ ಏನನ್ನೂ ಹೇಳದಿರಬಹುದು. ಹೇಳುವುದು ಸೂಕ್ಷ್ಮ ಪಳೆಯುಳಿಕೆ.

ಸೂಕ್ಷ್ಮದರ್ಶಕವಿಲ್ಲದೆ ಗುರುತು ಹಿಡಿಯಲಾಗದಷ್ಟು ಚಿಕ್ಕ ಅವಶೇಷಗಳಿಗೆ ಈ ಹೆಸರು. ಏಕಕೋಶ ಜೀವಿಗಳಾದ ಫೊರಾಮಿನಿಫೆರಾಗಳ ಚಿಪ್ಪು, ಕೋನೊಡಾಂಟ್ ಎಂಬ ಈಲ್ ಮೀನಿನಂಥ ಪ್ರಾಣಿಯ ಹಲ್ಲಿನಂಥ ತುಣುಕು, ಪರಾಗ, ಬೀಜಕಣ ಎಲ್ಲವೂ ಇದರೊಳಗೆ ಬರುತ್ತವೆ. ಬಹಳಷ್ಟರ ಮುಂದೆ ಸಾಸಿವೆ ಕಾಳೂ ದೊಡ್ಡದೇ. ಡೈನೋಸಾರ್ ಮೂಳೆ ಸಿಕ್ಕರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಆದರೆ ಗಡಿ ಗುರುತಿಸುವ ಕೆಲಸಕ್ಕೆ ಅದು ಅಷ್ಟಾಗಿ ಒದಗುವುದಿಲ್ಲ. ಸಮುದ್ರತಳದ ಒಂದು ಹಿಡಿ ಜೇಡಿಯಲ್ಲಿ ಸಾವಿರಾರು ಚಿಪ್ಪುಗಳಿರಬಹುದು. ಇವುಗಳಲ್ಲಿ ತೇಲುವ ಜೀವಿಗಳದ್ದಾದರೆ ಒಂದೇ ಪ್ರಭೇದ ದೂರದ ಸಾಗರಗಳಲ್ಲೂ ಸಿಗುತ್ತದೆ.

ಕೋನೊಡಾಂಟ್ ತೆಗೆಯಲು ಸುಣ್ಣದಕಲ್ಲನ್ನು ತೆಳು ಅಸಿಟಿಕ್ ಆಮ್ಲದಲ್ಲಿ ನೆನೆಹಾಕುತ್ತಾರೆ. ಕಲ್ಲು ಕರಗುತ್ತದೆ, ಫಾಸ್ಫೇಟಿನ ತುಣುಕು ಉಳಿಯುತ್ತದೆ. ಫೊರಾಮಿನಿಫೆರಾ ಚಿಪ್ಪು ಬಹುಮಟ್ಟಿಗೆ ಸುಣ್ಣದ್ದೇ ಆದ್ದರಿಂದ ಅದಕ್ಕೆ ಆಮ್ಲ ಸಲ್ಲದು. ಜೇಡಿಯನ್ನು ನೀರಿನಲ್ಲಿ ಬಿಡಿಸಿ ನುಣ್ಣನೆಯ ಜರಡಿಯಲ್ಲಿ ತೊಳೆಯಬೇಕು. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕುವುದು. ಕಣ್ಣೂ ಕತ್ತೂ ಸೋಲುವ ಕೆಲಸ.

ಚೀನಾದ ಮೇಶಾನ್‌ನಲ್ಲಿ ಪರ್ಮಿಯನ್ ಎಂಬ ಭೂಯುಗ ಮುಗಿದು ಟ್ರಯಾಸಿಕ್ ಆರಂಭವಾಗುವ ಗಡಿಯನ್ನು 2001ರಲ್ಲಿ ಅಧಿಕೃತವಾಗಿ ಗೊತ್ತುಪಡಿಸಿದರು. ಆ ಬಂಡೆಯಲ್ಲಿ ಎದ್ದು ಕಾಣುವ ಬಿಳಿಯ ಜೇಡಿಪದರವೊಂದಿದೆ. ಜೀವಿಗಳ ಮಹಾಅಳಿವಿನ ಗುರುತು ಅದರ ಆಸುಪಾಸಿನಲ್ಲೇ ಸಿಗುತ್ತದೆ. ಗಡಿ ಮಾತ್ರ ಅಲ್ಲಿಲ್ಲ. ಅದರಿಂದ ಒಂದು ಗೇಣಿನಷ್ಟು ಮೇಲೆ, ಸುಣ್ಣದಕಲ್ಲಿನ ಒಂದೇ ಪದರದ ನಡುಮಧ್ಯದಲ್ಲಿದೆ. ಹಿಂಡಿಯೋಡಸ್ ಪಾರ್ವಸ್ ಎಂಬ ಕೋನೊಡಾಂಟ್ ಮೊದಲು ಕಾಣಿಸಿಕೊಳ್ಳುವ ಮಟ್ಟವೇ ಗಡಿ. ನನಗೆ ಈ ಪದ್ಧತಿ ಸರಿಯೆನ್ನಿಸುತ್ತದೆ: ದುರಂತದ ಗುರುತು ಊರಿಂದೂರಿಗೆ ಬದಲಾಗಬಹುದು, ಹೊಸ ಪ್ರಭೇದದ ಮೊದಲ ಹಾಜರಿಯನ್ನು ಬೇರೆ ದೇಶದ ಬಂಡೆಯಲ್ಲೂ ಹುಡುಕಿ ಹೋಲಿಸಬಹುದು. ‘ಕೊನೆಯ ಹಾಜರಿ’ಯನ್ನು ನಂಬುವುದು ಕಷ್ಟ. ಹಳೆಯ ಪದರ ಸವೆದು ಅದರ ಚಿಪ್ಪುಗಳು ಹೊಸ ಹೂಳಿಗೆ ಬಂದು ಸೇರಿಕೊಳ್ಳುತ್ತವೆ. ತೈಲಬಾವಿ ಕೊರೆಯುವವರ ಪಾಡು ಇದಕ್ಕೆ ತಿರುಗುಮುರುಗು. ಕೊರೆಯುವಾಗ ಮೇಲಿನ ಪದರದ ಪುಡಿ ಕೆಳಗಿನದಕ್ಕೆ ಬಿದ್ದು ಮೊದಲ ಹಾಜರಿಯೇ ಕೆಡುವುದರಿಂದ ಅವರು ಕೊನೆಯ ಹಾಜರಿಯನ್ನೇ ನೆಚ್ಚಬೇಕು.

ನಮ್ಮ ಕಡೆಗೆ ಬಂದರೆ, ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಲಾವಾ ಪದರಗಳ ನಡುವೆ ಸಿಲುಕಿದ ಕೆರೆಯ ಹೂಳಿದೆ. ಅದರಲ್ಲಿ ಆಸ್ಟ್ರಕಾಡ್ ಎಂಬ ಪುಟ್ಟ ಜಲಚರಗಳ ಚಿಪ್ಪು ಮತ್ತು ಕೇರಾ ಜಾತಿಯ ಪಾಚಿಯ ಬೀಜದಂಥ ಕಾಯಿಗಳು ಸಿಕ್ಕಿವೆ. ಕೆರೆಯಲ್ಲಿ ಬಾಳಿದ ಇವು ಸಾಗರಜೀವಿಗಳಷ್ಟು ನಿಖರವಾಗಿ ಕಾಲ ಹೇಳುವುದಿಲ್ಲ. ದಖನ್ ಲಾವಾ, ಡೈನೋಸಾರ್‌ಗಳು ಅಳಿದ ಕ್ರಿಟೇಶಿಯಸ್ ಯುಗದ ಕೊನೆಯ ಗಡಿಯ ಯಾವ ಬದಿಗೆ ಬೀಳುತ್ತದೆ ಎಂಬುದಕ್ಕೆ ಚಿಪ್ಪಿನ ಸಾಕ್ಷ್ಯ ಸಿಕ್ಕಿದ್ದು ಆಂಧ್ರದ ರಾಜಮಹೇಂದ್ರವರಂ ಹತ್ತಿರ, ಲಾವಾ ಸಮುದ್ರ ಮುಟ್ಟಿದ ಕಡೆ. ಅಲ್ಲಿ ಕೆಳಗಿನ ಲಾವಾದ ಮೇಲೆ ಕೂತ ಕಡಲ ಹೂಳಿನಲ್ಲಿ, ಆ ಗಡಿಯ ಮಹಾಅಳಿವಿನ ಬೆನ್ನಿಗೇ ವಿಕಾಸಗೊಂಡ ಅತಿ ಪುಟ್ಟ ಫೊರಾಮಿನಿಫೆರಾಗಳು ಸಿಕ್ಕವು. ಅಂದರೆ ಕೆಳಗಿನ ಲಾವಾ ಹರಿದಾಗ ಗಡಿಯ ಕಾಲ ಹತ್ತಿರದಲ್ಲೇ ಇತ್ತು.