ಕ್ಯಾಮೆರಾ ನಿಲ್ಲುವ ಜಾಗ: ನಗರದ ಕಿಂಕ್ ಬಳಗವನ್ನು ಸಾಕ್ಷ್ಯಚಿತ್ರದಲ್ಲಿ ಕಾಣಿಸುವ ಬಗೆ

ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ರಾತ್ರಿಯ ಹೊತ್ತು ಮಾವುತ ಅಷ್ಟಾವಂಕನ ಬಳಿಗೆ ಹೋಗುತ್ತಾಳೆ, ತಡವಾಯಿತೆಂದು ಅವನು ಹೊಡೆಯುತ್ತಾನೆ, ಅವಳು ಅವನನ್ನೇ ಓಲೈಸುತ್ತಾಳೆ. ಈ ಇಡೀ ಪ್ರಸಂಗ ನಮಗೆ ಕಾಣುವುದು ಕತ್ತಿ ಹಿಡಿದು ಮರೆಯಲ್ಲಿ ನಿಂತ ಗಂಡನ ಕಣ್ಣಿನಿಂದ. ಅಲ್ಲಿ ನಿಂತವನಿಗೆ ಕೊಲ್ಲಬೇಕೋ ಬಿಡಬೇಕೋ ಎಂಬ ಪ್ರಶ್ನೆಯೊಂದೇ ಏಳುತ್ತದೆ. ಹೊಡೆತಕ್ಕೆ ಅವಳ ಒಪ್ಪಿಗೆ ಇತ್ತೇ, ಬೇಡವೆಂದಿದ್ದರೆ ಅವನು ನಿಲ್ಲಿಸುತ್ತಿದ್ದನೇ ಎಂಬ ಪ್ರಶ್ನೆ ಏಳುವುದಿಲ್ಲ. ಕಾವ್ಯದ ಗುರಿ ಸಂಕಲ್ಪಹಿಂಸೆಯ, ಅಂದರೆ ಮನಸ್ಸಿನಲ್ಲೇ ಎಣಿಸಿದ ಹಿಂಸೆಯ, ವಿಚಾರವಾದ್ದರಿಂದ ಇದು ಜನ್ನನ ಮೇಲಿನ ದೂರಲ್ಲ. ಆದರೆ ಕಿಂಕ್ ಬಳಗಗಳ, ಅಂದರೆ ನೋವು, ಅಧೀನತೆಗಳನ್ನು ಪರಸ್ಪರ ಒಪ್ಪಿ ಅನುಭವಿಸುವ ವಯಸ್ಕರ ಗುಂಪುಗಳ, ಮೇಲೆ ಬರುವ ಎಷ್ಟೋ ವರದಿಗಳು ಇಂದಿಗೂ ಅದೇ ಮರೆಯಲ್ಲಿ ನಿಂತು ನೋಡುತ್ತವೆ. ಕೆಂಪು ದೀಪ, ಅರೆತೆರೆದ ಬಾಗಿಲು, ಎದೆ ನಡುಗಿಸುವ ಹಿನ್ನೆಲೆ ಸಂಗೀತ ಇವೆಲ್ಲ ಆ ಮರೆಯ ಸಾಮಗ್ರಿಗಳು. ಸಹಾನುಭೂತಿಯ ಸಾಕ್ಷ್ಯಚಿತ್ರವೆಂದರೆ ಮೃದುವಾದ ಬೆಳಕೂ ಕೊಳಲಿನ ನಾದವೂ ಇರುವ ಚಿತ್ರವೆಂದು ತಿಳಿಯಬಾರದು. ಕ್ಯಾಮೆರಾ ಎಲ್ಲಿ ನಿಂತಿದೆ, ಯಾರು ಅದನ್ನು ಅಲ್ಲಿ ನಿಲ್ಲಲು ಬಿಟ್ಟರು ಎಂಬುದರಿಂದಲೇ ಸಹಾನುಭೂತಿ ನಿರ್ಧಾರವಾಗುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ವಿಷಯ ಹೊಸದೆನಿಸುವವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುವೆ. ಹಗ್ಗದಲ್ಲಿ ಕಟ್ಟುವುದು, ಆಜ್ಞೆ ಮತ್ತು ಅಧೀನತೆಯ ಪಾತ್ರ ವಹಿಸುವುದು, ನೋವನ್ನು ಸುಖದ ಭಾಗವಾಗಿ ಅನುಭವಿಸುವುದು ಮುಂತಾದವನ್ನು ವಯಸ್ಕರು ಪರಸ್ಪರ ಒಪ್ಪಿ ಮಾಡಿದಾಗ ಅದನ್ನು ಕಿಂಕ್ ಅಥವಾ ಬಿಡಿಎಸ್‌ಎಂ ಎನ್ನುತ್ತಾರೆ. ಮಹಾನಗರಗಳಲ್ಲಿ ಈ ಬಳಗದವರು ಮೊದಲು ಸೇರುವುದು ‘ಮಂಚ್’ ಎಂಬ ಕೂಟದಲ್ಲಿ. ಅದು ಕಾಫಿ ಕುಡಿಯುತ್ತ ಪರಿಚಯ ಮಾಡಿಕೊಳ್ಳುವ ಸಾಮಾನ್ಯ ಭೇಟಿಯಷ್ಟೆ. ಏನು ಆಗಬಹುದು, ಏನು ಕೂಡದು ಎಂದು ಮೊದಲೇ ಮಾತಾಡಿಕೊಳ್ಳುವುದು, ತಕ್ಷಣ ನಿಲ್ಲಿಸಲು ‘ಸೇಫ್ ವರ್ಡ್’ ಇಟ್ಟುಕೊಳ್ಳುವುದು, ಎಲ್ಲ ಮುಗಿದ ಮೇಲೆ ಒಬ್ಬರನ್ನೊಬ್ಬರು ಆರೈಕೆ ಮಾಡುವುದು ಅವರಲ್ಲಿ ಕಟ್ಟುನಿಟ್ಟಿನ ರೂಢಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಪರಸ್ಪರ ಒಪ್ಪಿಗೆಯ ಇಂಥ ನಡವಳಿಕೆಯನ್ನು ಕಾಯಿಲೆಯ ಪಟ್ಟಿಯಿಂದ ಕೈಬಿಟ್ಟಿದೆ.

ಈ ಬಗೆಯ ಚಿತ್ರಗಳಲ್ಲಿ ಮೊದಲು ನೋಡಬೇಕಾದದ್ದು ಕರ್ಬಿ ಡಿಕ್ 1997ರಲ್ಲಿ ಹೊರತಂದ, ಕಲಾವಿದ ಬಾಬ್ ಫ್ಲ್ಯಾನಗನ್ ಕುರಿತ ‘ಸಿಕ್’. ಫ್ಲ್ಯಾನಗನ್‌ಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಿತ್ತು. 1996ರಲ್ಲಿ, 43ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಂಗಾತಿ ಶೆರಿ ರೋಸ್ ಜೊತೆಗಿನ ಅವರ ನೋವಿನ ಪ್ರಯೋಗಗಳನ್ನು ಚಿತ್ರ ಮರೆಮಾಚದೆ ತೋರಿಸುತ್ತದೆ, ಅದರ ಪಕ್ಕದಲ್ಲೇ ಕೆಮ್ಮು, ಆಮ್ಲಜನಕದ ಕೊಳವೆ, ಆಸ್ಪತ್ರೆಯ ಹಾಸಿಗೆಗಳನ್ನೂ ಅದೇ ಸಮಾಧಾನದಲ್ಲಿ ತೋರಿಸುತ್ತದೆ. ಕೇಳದೆ ಬಂದ ನೋವಿಗೂ ತಾನೇ ಆರಿಸಿಕೊಂಡ ನೋವಿಗೂ ಇರುವ ನಂಟನ್ನು ಯಾವ ತಜ್ಞನೂ ವಿವರಿಸಬೇಕಾಗುವುದಿಲ್ಲ, ಏಕೆಂದರೆ ಸಂಕಲನವೇ ಆ ಕೆಲಸ ಮಾಡಿದೆ. ಇದಕ್ಕೆ ಹೋಲಿಸಿದರೆ ನಿಕ್ ಬ್ರೂಮ್‌ಫೀಲ್ಡ್ 1996ರಲ್ಲಿ ಹಣ ಪಡೆದು ಇಂಥ ಅನುಭವ ಒದಗಿಸುವ ನ್ಯೂಯಾರ್ಕಿನ ತಾಣವೊಂದರಲ್ಲಿ ತೆಗೆದ ‘ಫೆಟಿಷಸ್’ ನನಗೆ ಕಡಿಮೆ ಹಿಡಿಸುತ್ತದೆ. ಪ್ರಶ್ನೆ ಕೇಳುವವನು ಯಾರೆಂಬುದು ಅಲ್ಲಿ ನಮಗೆ ಗೊತ್ತಿರುತ್ತದೆ, ಅದು ಪ್ರಾಮಾಣಿಕವೇ. ಆದರೆ ಅವನ ಬೆರಗೇ ನಮ್ಮ ಅಳತೆಗೋಲಾಗಿಬಿಡುತ್ತದೆ.

ಚಿತ್ರೀಕರಣಕ್ಕೆ ಬಂದರೆ, ಹಗ್ಗದ ಕಟ್ಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದಕ್ಕೆ ಸಾಮಾನ್ಯವಾಗಿ ಬಳಸುವುದು ಸುಮಾರು 6 ಮಿಲಿಮೀಟರ್ ದಪ್ಪದ ಹದಮಾಡಿದ ಸೆಣಬಿನ ಹಗ್ಗ. (ನಮ್ಮ ತಿಪಟೂರು ಕಡೆಯ ತೆಂಗಿನ ನಾರಿನ ಹಗ್ಗ ಚರ್ಮವನ್ನು ತರಚೀತು.) ಕಟ್ಟುವವರು ಪ್ರತಿ ಸುತ್ತಿನ ಕೆಳಗೂ ಬೆರಳು ತೂರಿಸಿ ಬಿಗಿ ನೋಡುತ್ತಾರೆ, ತೋಳಿನ ಮೇಲ್ಭಾಗದಲ್ಲಿ ಹಾದುಹೋಗುವ ರೇಡಿಯಲ್ ನರ ಒತ್ತಿದರೆ ಮಣಿಕಟ್ಟು ಎತ್ತಲಾಗದೆ ಸೋಲುತ್ತದೆಂದು ಆಗಾಗ ಕೈ ಆಡಿಸಲು ಹೇಳುತ್ತಾರೆ, ತಕ್ಷಣ ಕತ್ತರಿಸಲು ಮೊಂಡು ತುದಿಯ ಕತ್ತರಿ ಕೈಗೆಟುಕುವಲ್ಲೇ ಇರುತ್ತದೆ. ಅವಸರದ ನಿರ್ದೇಶಕ ಇದೆಲ್ಲವನ್ನೂ ಸಂಕಲನದಲ್ಲಿ ಕತ್ತರಿಸಿ, ಕಟ್ಟು ಪೂರ್ತಿಯಾದ ದೇಹವನ್ನಷ್ಟೇ ಉಳಿಸಿಕೊಳ್ಳುತ್ತಾನೆ. ಬೆರಳು ತೂರಿಸುವ, ‘ಜೋಮು ಹಿಡೀತಾ?’ ಎಂದು ಕೇಳುವ, ಬಿಚ್ಚಿದ ಮೇಲೆ ನೀರು ಕುಡಿಸಿ ಹೊದಿಕೆ ಹೊದಿಸುವ ಹೊತ್ತನ್ನು ಪೂರ್ತಿ ಉದ್ದಕ್ಕೆ ಉಳಿಸಿಕೊಂಡರೆ, ಇಲ್ಲಿ ನಡೆದದ್ದು ಹಿಂಸೆಯಲ್ಲ ಎಂದು ನಿರೂಪಣೆಯ ದನಿಯಲ್ಲಿ ಹೇಳಿಸುವ ಅಗತ್ಯವೇ ಬೀಳುವುದಿಲ್ಲ.

ತುಮಕೂರಿನಂಥ ಊರಿನವರು ಇಂಥ ಚಿತ್ರ ತೆಗೆಯುವಾಗ ಮುಖ ಮಸುಕಾಗಿಸಿದರೆ ಸಾಕೆಂದು ನಂಬಬಾರದು. ಇಲ್ಲಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಒಬ್ಬರು ಯಾರಿಗೂ ಗೊತ್ತಿಲ್ಲದಂತೆ ಇರಬಹುದು, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹಾಗಲ್ಲ, ಕೈಯ ಉಂಗುರ, ನಗುವ ರೀತಿ, ಬೈಕಿನ ನಂಬರು ಯಾವುದಾದರೊಂದರಿಂದ ಸೋದರತ್ತೆಯ ಮಗ ಗುರುತು ಹಿಡಿದೇ ಹಿಡಿಯುತ್ತಾನೆ. ಇನ್ನೂ ದೊಡ್ಡ ಅಪಾಯ ಧ್ವನಿಯದು. ಸಂದರ್ಶನದ ನಡುವೆ ಫೋನು ಸ್ಪೀಕರಿನಲ್ಲಿದ್ದು, ‘ಎಲ್ಲಿದ್ದೀಯಾ ಮಗಾ, ಊಟ ಆಯ್ತಾ?’ ಎಂದು ತಾಯಿ ಕೇಳಿದ್ದು ಧ್ವನಿಮುದ್ರಣದಲ್ಲಿ ಉಳಿದುಬಿಟ್ಟರೆ, ಮುಖ ಮುಚ್ಚಿದ್ದಕ್ಕೆ ಅರ್ಥವೇ ಉಳಿಯದು. ಆದ್ದರಿಂದ ಅಂಥವರ ಮಾತನ್ನು ಅವರದೇ ಒಪ್ಪಿಗೆಯಿಂದ ನಟರೊಬ್ಬರಿಂದ ಓದಿಸುವುದು, ದೃಶ್ಯದಲ್ಲಿ ಕೈ, ಹಗ್ಗ, ಕೋಣೆಯ ಬೆಳಕಿನ ಮೇಲೆ ನಿಲ್ಲುವುದು ವಾಸಿ. ಕಲಾತ್ಮಕ ಚಿತ್ರದ ಶೈಲಿಗೂ ವ್ಯಕ್ತಿಯ ರಕ್ಷಣೆಗೂ ದಾರಿ ಒಂದೇ ಆಗುವ ಅಪರೂಪದ ಜಾಗ ಇದು.

ಕಚ್ಚಾ ದೃಶ್ಯಗಳನ್ನು ಕಾಯುವುದು ಎಷ್ಟು ಗಂಭೀರವೆಂಬುದಕ್ಕೆ ಇಂಗ್ಲೆಂಡಿನ ‘ಆಪರೇಷನ್ ಸ್ಪ್ಯಾನರ್’ ಪ್ರಕರಣವನ್ನು ಓದಬೇಕು. ಗಂಡಸರ ಗುಂಪೊಂದು ಪರಸ್ಪರ ಒಪ್ಪಿ ಖಾಸಗಿಯಾಗಿ ಮಾಡಿದ್ದರ ವಿಡಿಯೊ 1987ರಲ್ಲಿ ಪೊಲೀಸರ ಕೈ ಸೇರಿತು. ಯಾರನ್ನೋ ಕೊಲ್ಲುತ್ತಿದ್ದಾರೆಂದು ಭಾವಿಸಿ ಅವರು ತನಿಖೆಗೆ ಹೊರಟರು. ಕೊನೆಗೆ 1993ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಗಾಯವಾದಲ್ಲಿ ಒಪ್ಪಿಗೆ ಸಮರ್ಥನೆಯಾಗದು ಎಂದು 3–2ರ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮು, 18 ದಾಟಿದವರು ಒಪ್ಪಿದ, ಸಾವು ಅಥವಾ ತೀವ್ರ ಗಾಯದ ಉದ್ದೇಶವಾಗಲಿ ಸಂಭವದ ಅರಿವಾಗಲಿ ಇಲ್ಲದ ಕೃತ್ಯಕ್ಕೆ ರಕ್ಷಣೆ ಕೊಡುತ್ತದೆ. ಆದರೆ ಅದು ಕೃತ್ಯದ ಮಾತು. ಚಿತ್ರದ ಲೆಕ್ಕ ಬೇರೆ. ಒಪ್ಪಿಗೆಯಿಲ್ಲದೆ ಗುಪ್ತಾಂಗಗಳ ಚಿತ್ರ ತೆಗೆದರೆ ಐಟಿ ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿದೆ. ಲೈಂಗಿಕ ಕ್ರಿಯೆಯನ್ನು ಸ್ಪಷ್ಟವಾಗಿ ತೋರಿಸುವ ದೃಶ್ಯವನ್ನು ಜಾಲದಲ್ಲಿ ಹಾಕಿದರೆ, ಪಾಲ್ಗೊಂಡವರ ಒಪ್ಪಿಗೆಯಿದ್ದರೂ, 67ಎ ಕಲಮು ಎದುರಾಗಬಹುದು.

ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರವೂ ಸೆನ್ಸಾರ್ ಪ್ರಮಾಣಪತ್ರ ಪಡೆಯಬೇಕು. ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಕಿರು ಸಾಕ್ಷ್ಯಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1970ರಲ್ಲಿ ಮುಂಗಡ ಸೆನ್ಸಾರನ್ನು ಎತ್ತಿಹಿಡಿದರೂ, ಲೈಂಗಿಕತೆ ಕಂಡಕೂಡಲೇ ಅಶ್ಲೀಲವೆನ್ನಬಾರದು, ಕಲೆಗೆ ಜಾಗವಿರಬೇಕು ಎಂದೂ ಹೇಳಿತು; ಅರ್ಜಿ ಬರೆಯುವಾಗ ಈ ತೀರ್ಪು ಕೈಯಲ್ಲಿರಲಿ. ಇನ್ನು ಬಳಗದವರಿಂದ ಪಡೆಯುವ ಒಪ್ಪಿಗೆ ಒಂದೇ ಸಹಿಯಲ್ಲಿ ಮುಗಿಯಬಾರದು. ಚಿತ್ರೀಕರಣಕ್ಕೊಂದು, ಕರಡು ಸಂಕಲನ ತೋರಿಸಿದ ಮೇಲೆ ಇನ್ನೊಂದು, ಉತ್ಸವದ ಪ್ರದರ್ಶನಕ್ಕೆ ಒಂದು, ಜಾಲದಲ್ಲಿ ಬಿಡುಗಡೆಗೆ ಪ್ರತ್ಯೇಕವಾಗಿ ಮತ್ತೊಂದು ಬರಹ ಬೇಕು, ಏಕೆಂದರೆ ಕೊಚ್ಚಿಯ ಸಭಾಂಗಣದಲ್ಲಿ ಕಾಣಿಸಿಕೊಳ್ಳಲು ಒಪ್ಪಿದವರು ತುಮಕೂರಿನ ಶಿರಾ ಗೇಟಿನ ನೆರೆಮನೆಯವರ ಫೋನಿನಲ್ಲಿ ಕಾಣಿಸಿಕೊಳ್ಳಲು ಒಪ್ಪಿದ್ದಾರೆಂದು ಅರ್ಥವಲ್ಲ.